ಪ್ರವೇಶದ ಅಂದಾಜು: ಯಾದಗಿರಿ, ಶಹಾಪುರ, ಸುರಪುರಗಳ ವಿದ್ಯಾರ್ಥಿ ಮತ್ತು ರಾಜ್ಯದ ವಿಶ್ವವಿದ್ಯಾಲಯಗಳು



ದ್ವಿತೀಯ ಪಿಯು ಪರೀಕ್ಷೆ ಮುಗಿದ ದಿನದಿಂದ ಕಾಲೇಜುಗಳು ತೆರೆಯುವವರೆಗೆ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಮನೆಗಳಲ್ಲಿ, ಕಿರಾಣಿ ಅಂಗಡಿಗಳ ಮುಂದೆ, ಬಸ್ ನಿಲ್ದಾಣಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಇಷ್ಟು ಮಾರ್ಕಿಗೆ ಸೀಟು ಸಿಗತದೇನು? ಈ ಪ್ರಶ್ನೆಗೆ ಹೆಚ್ಚಾಗಿ ದೊರೆಯುವ ಉತ್ತರ ಯಾರೋ ನೆಂಟರ ಮಗನಿಗೆ ಹಿಂದೊಮ್ಮೆ ಏನಾಯಿತು ಎಂಬ ನೆನಪನ್ನು ಆಧರಿಸಿರುತ್ತದೆ. ಅದೇ ಉತ್ತರವನ್ನು ನಂಬಿ ಒಬ್ಬ ವಿದ್ಯಾರ್ಥಿನಿ ತನಗೆ ದಕ್ಕಬಹುದಾಗಿದ್ದ ಕಾಲೇಜನ್ನು ಕೇಳುವುದನ್ನೇ ಬಿಡುತ್ತಾಳೆ, ಇನ್ನೊಬ್ಬ ದಕ್ಕದ ಸೀಟಿಗಾಗಿ ಒಂದು ವರ್ಷವನ್ನೇ ಕಳೆದುಕೊಳ್ಳುತ್ತಾನೆ. ಪ್ರವೇಶದ ಸಾಧ್ಯತೆಯನ್ನು ಲೆಕ್ಕ ಹಾಕಿ ಅಂದಾಜು ಮಾಡಲು ಬರುತ್ತದೆ, ಅದನ್ನು ಪ್ರತಿ ಪದವಿಪೂರ್ವ ಕಾಲೇಜೂ ಮಾಡಬೇಕು ಎಂಬುದು ಈ ಉಪನ್ಯಾಸದ ವಾದ. ಈ ಪ್ರದೇಶಕ್ಕೆ ಅನ್ವಯಿಸುವ ವಿಶೇಷ ನಿಯಮದಿಂದ ಆರಂಭಿಸಿ, ರ‍್ಯಾಂಕ್ ಹೇಗೆ ರೂಪುಗೊಳ್ಳುತ್ತದೆ, ಹಿಂದಿನ ವರ್ಷಗಳ ಕಟ್ ಆಫ್ ಪಟ್ಟಿಯನ್ನು ಹೇಗೆ ಓದಬೇಕು, ದಾಖಲೆ ಮತ್ತು ಆಯ್ಕೆಗಳಲ್ಲಿ ಸೀಟು ಎಲ್ಲಿ ಕೈತಪ್ಪುತ್ತದೆ ಎಂಬ ವಿಷಯಗಳನ್ನು ಕ್ರಮವಾಗಿ ಇಲ್ಲಿ ಪರಿಶೀಲಿಸಲಾಗುವುದು.

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. ಬಿ.ಎ., ಬಿ.ಕಾಂ., ಬಿ.ಎಸ್‌ಸಿ.ಯಂಥ ಸಾಮಾನ್ಯ ಪದವಿಗಳ ಮಟ್ಟಿಗೆ ಈ ಅಂದಾಜಿನ ಅಗತ್ಯವೇ ಬಹುಮಟ್ಟಿಗೆ ಇಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಈ ಜಿಲ್ಲೆಯ ಕಾಲೇಜುಗಳು, ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗಾಗಿ ಸ್ಥಾಪನೆಯಾದ, ಈಗ ಮಹರ್ಷಿ ವಾಲ್ಮೀಕಿಯವರ ಹೆಸರು ಹೊತ್ತಿರುವ ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸೇರಿವೆ. ಪಿಯು ಪಾಸಾಗಿ, ಯುಯುಸಿಎಂಎಸ್ ಎಂಬ ರಾಜ್ಯದ ಏಕೀಕೃತ ಜಾಲತಾಣದಲ್ಲಿ ಸಕಾಲಕ್ಕೆ ಅರ್ಜಿ ಹಾಕಿದವರು ಇಂಥ ಪದವಿಗಳಲ್ಲಿ ಸೀಟಿಲ್ಲದೆ ಹಿಂದಿರುಗುವುದು ಅಪರೂಪ. ಅಂದಾಜಿನ ನಿಜವಾದ ಅಗತ್ಯವಿರುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜುಗಳು, ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿರುವ ಅದರ ಕೃಷಿ ಕಾಲೇಜು ಇವುಗಳಲ್ಲಿ. ಇವುಗಳ ಸರ್ಕಾರಿ ಕೋಟಾದ ಸೀಟುಗಳನ್ನು ವಿಶ್ವವಿದ್ಯಾಲಯಗಳು ನೇರವಾಗಿ ಕೊಡುವುದಿಲ್ಲ. ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ರ‍್ಯಾಂಕ್ ಮತ್ತು ಮೀಸಲಾತಿಯ ಆಧಾರದ ಮೇಲೆ ಹಂಚುತ್ತದೆ. ಆದ್ದರಿಂದ ಸೀಟು ಸಿಗುವುದೇ ಎಂಬ ಪ್ರಶ್ನೆಯ ಉತ್ತರ ಆ ಹಂಚಿಕೆಯ ನಿಯಮಗಳಲ್ಲಿದೆ.

ಈಗ ಮೊದಲನೆಯ ವಿಷಯವಾದ ಪ್ರದೇಶದ ವಿಶೇಷ ನಿಯಮಕ್ಕೆ ಬರಬಹುದು. ಉನ್ನತ ಶಿಕ್ಷಣದ ಬಾಗಿಲು ಈ ಸೀಮೆಗೆ ಬಹುಕಾಲ ದೂರದಲ್ಲಿತ್ತು. ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಕಾಲದಲ್ಲಿ ಇಲ್ಲಿನವರಿಗೆ ಇದ್ದದ್ದು 1918ರಲ್ಲಿ ಸ್ಥಾಪನೆಯಾದ, ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ; ಕನ್ನಡ ಮನೆಯ ಹುಡುಗ ಅಲ್ಲಿಗೆ ತಲುಪಬೇಕಾದರೆ ಮೊದಲು ಉರ್ದುವನ್ನು ಓದಿನ ಭಾಷೆಯಾಗಿ ಒಪ್ಪಿಕೊಳ್ಳಬೇಕಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಈ ಭಾಗದ ವಿಶ್ವವಿದ್ಯಾಲಯವಾಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದಿತು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ 2008ರದು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 150 ಎಂಬಿಬಿಎಸ್ ಸೀಟುಗಳೊಂದಿಗೆ ಆರಂಭವಾದದ್ದು 2022-23ರಲ್ಲಿ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದು ವಿಂಗಡಿಸಿದಾಗ ಯಾದಗಿರಿ, ಶಹಾಪುರ, ಸುರಪುರ ಮೂರೂ ಆ 39ರ ಪಟ್ಟಿಯಲ್ಲಿದ್ದವು.

ಈ ಹಿನ್ನೆಲೆಯಲ್ಲಿಯೇ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಸೇರ್ಪಡೆಯಾಯಿತು. ಜನ್ಮದಿಂದ ಅಥವಾ ವಾಸದಿಂದ ಈ ಪ್ರದೇಶಕ್ಕೆ ಸೇರಿದ ವಿದ್ಯಾರ್ಥಿಗಳಿಗೆ ಸೀಟುಗಳ ಒಂದು ಪ್ರಮಾಣವನ್ನು ಮೀಸಲಿಡಲು ಅದು ಅವಕಾಶ ಕೊಟ್ಟಿತು. ಅದರ ಅಡಿಯಲ್ಲಿ 2013ರಲ್ಲಿ ಹೊರಬಿದ್ದ ಪ್ರವೇಶ ಆದೇಶದಂತೆ ಈಗ ಕಲ್ಯಾಣ ಕರ್ನಾಟಕವೆಂದು ಕರೆಯಲಾಗುವ ಪ್ರದೇಶದೊಳಗಿನ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳು ಸ್ಥಳೀಯರಿಗೆ, ಪ್ರದೇಶದ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಇದೇ ಸ್ಥಳೀಯರಿಗೆ ಮೀಸಲಾಗಿವೆ. ಪ್ರದೇಶದ ಹಳೆಯ ಹೆಸರಾದ ಹೈದರಾಬಾದ್ ಕರ್ನಾಟಕವನ್ನು ಹಿಡಿದು ಜನ ಇದನ್ನು ಇಂದಿಗೂ ಎಚ್‌ಕೆ ಕೋಟಾ ಎಂದೇ ಕರೆಯುತ್ತಾರೆ.

ಈ ಎರಡು ಅಂಕಿಗಳನ್ನು ಲೆಕ್ಕಕ್ಕೆ ಇಳಿಸಿದಾಗ ಮಾತ್ರ ಅವುಗಳ ಅರ್ಥ ತಿಳಿಯುತ್ತದೆ. ಸರ್ಕಾರಿ ಕೋಟಾದಲ್ಲಿ 60 ಸೀಟುಗಳಿರುವ ಒಂದು ಎಂಜಿನಿಯರಿಂಗ್ ವಿಭಾಗವನ್ನು ತೆಗೆದುಕೊಂಡರೆ, ಕಾಲೇಜು ಕಲಬುರಗಿಯಲ್ಲೋ ರಾಯಚೂರಿನಲ್ಲೋ ಇದ್ದಾಗ ಸ್ಥಳೀಯರ ಪಾಲು 42; ಅದೇ ಗಾತ್ರದ ವಿಭಾಗ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇದ್ದಾಗ ಸ್ಥಳೀಯರ ಪಾಲು ಸುಮಾರು 5. ಇದನ್ನು ನೋಡಿದ ಪಾಲಕರು ಹೊರಗಿನ ಕಾಲೇಜುಗಳ ಆಸೆಯನ್ನೇ ಬಿಡುತ್ತಾರೆ. ಆದರೆ ಅಂಥ ಹತ್ತು ಕಾಲೇಜುಗಳನ್ನು ಕೂಡಿಸಿದರೆ ಐವತ್ತರ ಹತ್ತಿರದ ಸೀಟುಗಳಾಗುತ್ತವೆ, ಅಂದರೆ ಪ್ರದೇಶದೊಳಗಿನ ಒಂದು ಕಾಲೇಜಿನ ಸ್ಥಳೀಯ ಪಾಲಿಗಿಂತ ಹೆಚ್ಚು. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ಬಹುಭಾಗ ಇರುವುದು ಪ್ರದೇಶದ ಹೊರಗೆ. ವೈದ್ಯಕೀಯದಲ್ಲಿ ಲೆಕ್ಕ ಇನ್ನೊಂದು ರೀತಿಯದು. ಯಾದಗಿರಿಯ 150 ಸೀಟುಗಳಲ್ಲಿ ಶೇ 15 ಅಖಿಲ ಭಾರತ ಕೋಟಾಕ್ಕೆ ಹೋಗುವುದರಿಂದ ರಾಜ್ಯಕ್ಕೆ ಉಳಿಯುವುದು ಸುಮಾರು 127. ಅದರ ಶೇ 70 ಎಂದರೆ ಸುಮಾರು 89. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿಗಳಲ್ಲೂ ರಾಜ್ಯ ಸರ್ಕಾರದ ವೈದ್ಯಕೀಯ ಕಾಲೇಜುಗಳಿರುವುದರಿಂದ ಇಂಥ ಪಾಲು ಒಂದೇ ಕಡೆ ಮುಗಿಯುವುದಿಲ್ಲ. ಬೆಂಗಳೂರಿನ ತರಬೇತಿ ಕೇಂದ್ರವೊಂದು ಇಡೀ ರಾಜ್ಯದ ಸಾಮಾನ್ಯ ಪಟ್ಟಿಯನ್ನು ನೋಡಿ ಹೇಳುವ ಭವಿಷ್ಯವನ್ನು ಸುರಪುರದ ವಿದ್ಯಾರ್ಥಿ ತನ್ನದೆಂದು ನಂಬಬಾರದು ಎಂಬುದಕ್ಕೆ ಕಾರಣ ಇದೇ. ಕೆಇಎ ಈ ಪ್ರದೇಶದ ಸೀಟುಗಳ ಕಟ್ ಆಫ್ ಅನ್ನು ಬೇರೆಯಾಗಿಯೇ ಪ್ರಕಟಿಸುತ್ತದೆ.

ಪ್ರಾದೇಶಿಕ ಪಾಲಿನೊಳಗೆ ಜಾತಿವಾರು ಮೀಸಲಾತಿಯೂ ಇದೆ ಎಂಬುದನ್ನು ಮರೆಯಬಾರದು. ಪರಿಶಿಷ್ಟ ಪಂಗಡದ ಮೀಸಲಾತಿ ಶೇ 3ರಿಂದ 7ಕ್ಕೆ, ಪರಿಶಿಷ್ಟ ಜಾತಿಯದು ಶೇ 15ರಿಂದ 17ಕ್ಕೆ ಏರಿದ ಮೇಲೆ ಹಳೆಯ ಪಟ್ಟಿಗಳ ಹೋಲಿಕೆ ಕಷ್ಟವಾಗಿದೆ. 42 ಸ್ಥಳೀಯ ಸೀಟುಗಳಲ್ಲಿ ಶೇ 7 ಎಂದರೆ ಮೂರು. ಪರಿಶಿಷ್ಟ ಪಂಗಡಕ್ಕೆ ಸೇರಿದ ರಾಜ್ಯದ ನಾಯಕ ಸಮುದಾಯದ ದೊಡ್ಡ ಭಾಗ ಸುರಪುರ, ರಾಯಚೂರು, ಬಳ್ಳಾರಿ ಸೀಮೆಗಳಲ್ಲೇ ಇರುವುದರಿಂದ ಆ ಮೂರು ಸೀಟುಗಳಿಗೆ ಪ್ರದೇಶದೊಳಗಿನ ಪೈಪೋಟಿ ರಾಜ್ಯದ ಸರಾಸರಿಗಿಂತ ಬಿರುಸಾಗಿರುವ ಸಂಭವವಿದೆ. ಎರಡು ಮೀಸಲಾತಿಗಳಿರುವುದರಿಂದ ಸೀಟು ಖಚಿತ ಎಂಬ ಎಣಿಕೆ ಇಲ್ಲಿ ತಪ್ಪಾಗಬಹುದು. ಆ ಪಂಗಡದ ವಿದ್ಯಾರ್ಥಿ ಒಳ್ಳೆಯ ರ‍್ಯಾಂಕ್ ಪಡೆದಿದ್ದರೆ ಸಾಮಾನ್ಯ ವರ್ಗದ ಸೀಟಿಗೂ ಅರ್ಹನಾದ್ದರಿಂದ ಕಟ್ ಆಫ್ ಪಟ್ಟಿಯಲ್ಲಿ ಎರಡೂ ವರ್ಗಗಳ ಸಾಲುಗಳನ್ನು ನೋಡಿಯೇ ಅಂದಾಜು ಮಾಡಬೇಕು.

ಇನ್ನು ಎರಡನೆಯ ವಿಷಯವಾದ ರ‍್ಯಾಂಕ್ ಕಡೆಗೆ ಗಮನ ಹರಿಸಬಹುದು. ಎಂಜಿನಿಯರಿಂಗ್ ರ‍್ಯಾಂಕ್‌ಗೆ ದ್ವಿತೀಯ ಪಿಯುವಿನ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕಗಳಿಂದ ಅರ್ಧ, ಕೆಇಎ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಅದೇ ವಿಷಯಗಳಿಗೆ ಪಡೆದ ಅಂಕಗಳಿಂದ ಇನ್ನರ್ಧ ಸೇರುತ್ತದೆ. ಪಿಯುವಿನಲ್ಲಿ 300ಕ್ಕೆ 225 ಪಡೆದು ಸಿಇಟಿಯಲ್ಲಿ 180ಕ್ಕೆ 72 ಪಡೆದವನ ಸರಾಸರಿ ಶೇ 57.5, ಪಿಯುವಿನಲ್ಲಿ 270 ಪಡೆದು ಸಿಇಟಿಯಲ್ಲಿ ಕೇವಲ 45 ಪಡೆದವಳ ಸರಾಸರಿಯೂ ಅಷ್ಟೇ. ಪಿಯುವಿನ ಒಂದು ಅಂಕ ಅಂತಿಮ ಸರಾಸರಿಗೆ ಕೂಡಿಸುವುದು 0.17, ಸಿಇಟಿಯ ಒಂದು ಅಂಕ ಕೂಡಿಸುವುದು 0.28. ಪಿಯು ಫಲಿತಾಂಶದ ದಿನವೇ ಸಿಹಿ ಹಂಚಿ ಸಿಇಟಿಯನ್ನು ಹಗುರವಾಗಿ ಕಾಣುವ ಕುಟುಂಬಗಳು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರಗಳಿರುವುದರಿಂದ ಇಪ್ಪತ್ತು ಪ್ರಶ್ನೆಗಳನ್ನು ಖಾಲಿ ಬಿಟ್ಟು ಬಂದ ವಿದ್ಯಾರ್ಥಿ ಸರಾಸರಿಯಲ್ಲಿ ಐದು ಅಂಕಗಳನ್ನು, ಅಂದರೆ ಅಂತಿಮ ಲೆಕ್ಕದಲ್ಲಿ ಶೇ 1.4ರಷ್ಟನ್ನು ಬಿಟ್ಟು ಬಂದಂತೆ. ಮೂರು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸುವ ಈ ಪರೀಕ್ಷೆಯಲ್ಲಿ ಮಧ್ಯದ ರ‍್ಯಾಂಕುಗಳು ಬಹಳ ಒತ್ತೊತ್ತಾಗಿರುತ್ತವೆ, ಅಲ್ಲಿ ಶೇ 1ರ ವ್ಯತ್ಯಾಸ ಸಾವಿರಾರು ಸ್ಥಾನಗಳ ವ್ಯತ್ಯಾಸವಾಗುತ್ತದೆ. ವೈದ್ಯಕೀಯದ ನೀಟ್ ಪರೀಕ್ಷೆಯ ನಿಯಮ ಇದಕ್ಕೆ ವಿರುದ್ಧ. ಅಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಎರಡೂ ಪರೀಕ್ಷೆ ಬರೆಯುವ ಮಕ್ಕಳು ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಕೊಂಡೊಯ್ಯದಂತೆ ಅಧ್ಯಾಪಕರು ನೋಡಿಕೊಳ್ಳಬೇಕು. ಕೃಷಿ ಪದವಿಗೆ ಜೀವವಿಜ್ಞಾನವೂ ಸೇರುತ್ತದೆ, ಕೃಷಿಕರ ಕೋಟಾದಡಿ ಅರ್ಜಿ ಹಾಕುವವರಿಗೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯೂ ಇದೆ. ನಾರಾಯಣಪುರ ಕಾಲುವೆಯ ನೀರಿನಲ್ಲಿ ಭತ್ತ, ಹತ್ತಿ ಬೆಳೆಯುವ ಮನೆಗಳ ಮಕ್ಕಳಿಗೆ ಬೀಜ, ಬೆಳೆ, ಸಲಕರಣೆಗಳ ಪರಿಚಯ ಹೊಸದಲ್ಲವಾದ್ದರಿಂದ ಈ ದಾರಿಯನ್ನು ಇಲ್ಲಿನ ಕಾಲೇಜುಗಳು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕು.

ಮೂರನೆಯ ವಿಷಯ ಕಟ್ ಆಫ್ ಪಟ್ಟಿಯ ಓದು. ಒಂದು ಕಾಲೇಜಿನ ಒಂದು ಕೋರ್ಸಿನಲ್ಲಿ, ಒಂದು ವರ್ಗದಲ್ಲಿ, ಒಂದು ಸುತ್ತಿನಲ್ಲಿ ಸೀಟು ಪಡೆದ ಕೊನೆಯ ವಿದ್ಯಾರ್ಥಿಯ ರ‍್ಯಾಂಕ್ ಅನ್ನು ಕಟ್ ಆಫ್ ಎನ್ನಲಾಗುತ್ತದೆ. ಯಾವ ಅಧಿಕಾರಿಯೂ ಅದನ್ನು ಮುಂಚಿತವಾಗಿ ಗೊತ್ತುಪಡಿಸುವುದಿಲ್ಲ; ಆ ವರ್ಷ ಸಾವಿರಾರು ಮಕ್ಕಳು ಮಾಡಿದ ಆಯ್ಕೆಗಳ ಫಲವಾಗಿ ಅದು ಉಂಟಾಗುತ್ತದೆ. ಆದ್ದರಿಂದ ಒಂದು ವರ್ಷದ ಅಂಕಿಯನ್ನು ಗೆರೆಯೆಂದು ಭಾವಿಸದೆ, ಮೂರು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅದು ಎಷ್ಟರಮಟ್ಟಿಗೆ ಆಚೀಚೆ ಸರಿಯುತ್ತದೆ ಎಂಬುದನ್ನು ನೋಡಬೇಕು. ಉದಾಹರಣೆಗಾಗಿ ಊಹಿಸಿಕೊಂಡ ಅಂಕಿಗಳಲ್ಲಿ ಹೇಳುವುದಾದರೆ, ಒಂದು ಕೋರ್ಸಿನ ಕೊನೆಯ ರ‍್ಯಾಂಕ್ ಮೂರು ವರ್ಷಗಳಲ್ಲಿ 62,000, 71,000, 66,000 ಆಗಿದ್ದರೆ, 58,000 ರ‍್ಯಾಂಕಿನವಳು ಬಹುಮಟ್ಟಿಗೆ ಭರವಸೆ ಇಡಬಹುದು. 68,000 ರ‍್ಯಾಂಕಿನವಳು ಆ ಮೂರು ವರ್ಷಗಳಲ್ಲಿ ಒಂದರಲ್ಲಿ ಮಾತ್ರ ಗೆದ್ದಿರುತ್ತಿದ್ದಳು. 90,000 ರ‍್ಯಾಂಕಿನವಳಿಗೆ ದಾರಿ ಕಿರಿದು. ಭರವಸೆ, ಅನಿಶ್ಚಿತ, ದುರ್ಲಭ ಎಂಬ ಈ ಮೂರು ಮಟ್ಟಗಳಷ್ಟೇ ಪ್ರಾಮಾಣಿಕ ಅಂದಾಜು, ಶೇ 83.6 ಎಂಬಂಥ ನಿಖರ ಸಂಖ್ಯೆಯನ್ನು ಹಣ ಪಡೆದು ಮಾರುವವರಲ್ಲಿ ಅಷ್ಟು ನಿಖರತೆಗೆ ಆಧಾರವಿರುವುದಿಲ್ಲ.

ಹೋಲಿಕೆ ಮಾಡಬೇಕಾದದ್ದು ರ‍್ಯಾಂಕುಗಳನ್ನೇ ಹೊರತು ಅಂಕಗಳನ್ನಲ್ಲ. ಈಚಿನ ವರ್ಷಗಳೇ ಇದಕ್ಕೆ ಸಾಕ್ಷಿ. 2024ರ ನೀಟ್‌ನಲ್ಲಿ ಪೂರ್ಣ 720 ಅಂಕ ಪಡೆದವರು ಹಲವರಿದ್ದರು. 2025ರಲ್ಲಿ ಇಡೀ ದೇಶದಲ್ಲಿ ಮೊದಲ ಸ್ಥಾನ ಪಡೆದವರ ಅಂಕವೇ 686. ಹಿಂದಿನ ವರ್ಷದ ಅಂಕಗಳನ್ನು ಹಿಡಿದು 2025ರಲ್ಲಿ ನಿರಾಶರಾದ ಮಕ್ಕಳ ರ‍್ಯಾಂಕ್ ಅವರು ಹೆದರಿದಷ್ಟು ಕೆಳಗಿರಲಿಲ್ಲ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನವೆಂದು ಗುರುತಿಸಲಾದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. 2021ರಲ್ಲಿ ಕೋವಿಡ್ ಕಾರಣ ಪಿಯು ಪರೀಕ್ಷೆಯೇ ನಡೆಯದೆ ಸಿಇಟಿ ಅಂಕಗಳಿಂದಲೇ ರ‍್ಯಾಂಕ್ ಕೊಡಲಾಯಿತು. 2022ರಲ್ಲಿ ಹಿಂದಿನ ಸಾಲಿನ ವಿದ್ಯಾರ್ಥಿಗಳ ಪಿಯು ಅಂಕ ಪರಿಗಣಿಸುವ ವಿವಾದ ಹೈಕೋರ್ಟ್ ಮೆಟ್ಟಿಲೇರಿ ರ‍್ಯಾಂಕ್ ಪಟ್ಟಿಯನ್ನೇ ಪರಿಷ್ಕರಿಸಬೇಕಾಯಿತು. ಇಂಥ ವರ್ಷಗಳ ಅಂಕಗಳನ್ನು ಇನ್ನೊಂದು ವರ್ಷಕ್ಕೆ ಅನ್ವಯಿಸಿದರೆ ಅಂದಾಜು ದಾರಿ ತಪ್ಪುತ್ತದೆ. ಯಾದಗಿರಿಯ ವೈದ್ಯಕೀಯ ಕಾಲೇಜಿನಂತೆ ಹೊಸ ಸಂಸ್ಥೆಯೊಂದು ಆರಂಭವಾದಾಗ ಆ ಪ್ರದೇಶದ ಕೊನೆಯ ರ‍್ಯಾಂಕ್ ಹಿಂದಕ್ಕೆ ಸರಿಯುವುದು ಸಹಜವಾದ್ದರಿಂದ ಅದಕ್ಕಿಂತ ಹಿಂದಿನ ಪಟ್ಟಿಗಳನ್ನೂ ಬದಿಗಿಡಬೇಕು.

ಈಗ ನಾಲ್ಕನೆಯ ವಿಷಯ. ಮೇಲಿನ ಲೆಕ್ಕವೆಲ್ಲ ಸರಿಯಾಗಿದ್ದೂ ಸೀಟು ಕೈತಪ್ಪುವುದು ಕಾಗದಗಳಲ್ಲಿ. ಪ್ರಾದೇಶಿಕ ಮೀಸಲಾತಿ ತಾನಾಗಿ ಬರುವುದಿಲ್ಲ. ಅರ್ಜಿಯಲ್ಲಿ ಅದನ್ನು ಕೋರಿರಬೇಕು, ಉಪವಿಭಾಗಾಧಿಕಾರಿ ಕೊಟ್ಟ ಅರ್ಹತಾ ಪ್ರಮಾಣಪತ್ರ ಇರಬೇಕು. ಉಪವಿಭಾಗಾಧಿಕಾರಿಯ ಕಚೇರಿ ಇರುವುದು ಯಾದಗಿರಿಯಲ್ಲಿ. ಶಹಾಪುರ, ಸುರಪುರ ಪಟ್ಟಣಗಳಿಗೆ ರೈಲಿಲ್ಲ. ಕೂಲಿ ಬಿಟ್ಟು ಬಸ್ಸಿನಲ್ಲಿ ಬರುವ ತಂದೆಗೆ ಒಂದೊಂದು ಅಲೆದಾಟವೂ ಒಂದು ದಿನದ ದುಡಿಮೆಯ ನಷ್ಟ. ಪರೀಕ್ಷೆಯ ತಿಂಗಳಲ್ಲಿ ಓಡಾಡುವ ಬದಲು ಪ್ರಥಮ ಪಿಯುವಿನಲ್ಲಿಯೇ ಈ ಕೆಲಸ ಮುಗಿಸುವಂತೆ ಕಾಲೇಜುಗಳು ಮಾಡಿದರೆ ಎಷ್ಟೋ ಮಕ್ಕಳ ಸಾಧ್ಯತೆ ಯಾವ ಹೆಚ್ಚಿನ ಅಂಕವೂ ಇಲ್ಲದೆ ಏರುತ್ತದೆ.

ಶೇ 15ರ ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ, ಶೇ 5ರ ಕನ್ನಡ ಮಾಧ್ಯಮ ಮೀಸಲಾತಿಗೆ ಅದೇ ಹತ್ತು ವರ್ಷ ಕನ್ನಡದಲ್ಲಿ ಓದಿರಬೇಕು. ಹಳ್ಳಿಯ ಮಗು ಹೈಸ್ಕೂಲಿಗೆಂದು ಶಹಾಪುರ ಪಟ್ಟಣದ ಹಾಸ್ಟೆಲ್ ಸೇರಿದರೆ ಗ್ರಾಮೀಣ ಮೀಸಲಾತಿಯ ಸಾಲು ಅದಕ್ಕೆ ಮುಚ್ಚಿಹೋಗುತ್ತದೆ. ಇದಕ್ಕಿಂತ ನೋವಿನ ಸಂಗತಿ ಗುಳೆ ಹೋಗುವ ಮನೆಗಳದು. ತಂದೆತಾಯಿ ಕಟ್ಟಡ ಕೆಲಸಕ್ಕೆ ಪುಣೆಗೋ ಮುಂಬೈಗೋ ಹೋದಾಗ ಜೊತೆಗೆ ಹೋದ ಮಗು ಅಲ್ಲಿ ಕೆಲವು ತರಗತಿ ಓದಿದರೆ, ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕೆಂಬ ಸಾಮಾನ್ಯ ಅರ್ಹತೆಯೂ ಗ್ರಾಮೀಣ, ಕನ್ನಡ ಮಾಧ್ಯಮದ ಸಾಲುಗಳೂ ಪ್ರಶ್ನೆಗೆ ಒಳಗಾಗುತ್ತವೆ. ಬಡತನದ ಕಾರಣಕ್ಕೆ ಊರು ಬಿಟ್ಟ ಮಗುವಿಗೆ ಬಡತನವನ್ನು ಗಮನಿಸಿ ಮಾಡಿದ ನಿಯಮಗಳೇ ಸಿಗದಂತಾಗುವುದು ನ್ಯಾಯವಲ್ಲ. ಈ ನಿಯಮದಲ್ಲಿ ವಲಸೆ ಕಾರ್ಮಿಕರ ಮಕ್ಕಳಿಗೆ ವಿನಾಯಿತಿ ಬೇಕೆಂಬ ಒತ್ತಾಯ ಈ ಜಿಲ್ಲೆಯಿಂದಲೇ ಹೊರಡಬೇಕು.

ದಾಖಲೆಗಳ ನಂತರ ಬರುವುದು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ನಮೂದಿಸುವುದು. ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದ ಮಾತು ಇಲ್ಲಿದೆ. ಹಂಚಿಕೆಯ ಗಣಕ ಪ್ರತಿ ರ‍್ಯಾಂಕಿನವರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಪರಿಶೀಲಿಸಿ, ಅವರ ಸರದಿ ಬಂದಾಗ ಉಳಿದಿರುವ ಸೀಟುಗಳಲ್ಲಿ ಮೊದಲು ಎದುರಾದದ್ದನ್ನು ಕೊಡುತ್ತದೆ. ದುರ್ಲಭವಾದ ಕಾಲೇಜನ್ನು ಮೊದಲು ಬರೆದುದಕ್ಕೆ ಕೆಳಗಿನ ಆಯ್ಕೆಗೆ ಯಾವ ಹಾನಿಯೂ ಆಗುವುದಿಲ್ಲ. ಆದ್ದರಿಂದ ಕ್ರಮವನ್ನು ಇಷ್ಟವೇ ನಿರ್ಧರಿಸಬೇಕು, ಅಂದಾಜು ನಿರ್ಧರಿಸಬೇಕಾದದ್ದು ಪಟ್ಟಿಯ ಉದ್ದವನ್ನು ಮಾತ್ರ: ಭರವಸೆಯ ಮಟ್ಟದ ಕೆಲವು ಕಾಲೇಜುಗಳು ಕೊನೆಯಲ್ಲಿ ಇದ್ದೇ ಇರುವಷ್ಟು ಅದು ಉದ್ದವಿರಬೇಕು. ನಮಗೆಲ್ಲಿ ಸಿಕ್ಕೀತು ಎಂದು ಮೇಲಿನ ಹೆಸರುಗಳನ್ನು ತಾವೇ ಹೊಡೆದುಹಾಕುವ ಸಂಕೋಚ ಈ ಸೀಮೆಯ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚು. ಶೇ 8ರ ಪಾಲು ಇರುವುದೇ ಅವರಿಗಾಗಿ ಎಂಬುದನ್ನು ಅಧ್ಯಾಪಕರು ಹೇಳಿ ಬರೆಸಬೇಕು. ಸೀಟು ಹಂಚಿಕೆಯಾದ ಮೇಲೆ ಮಾತ್ರ ಅಂದಾಜಿಗೆ ನಿರ್ಣಾಯಕ ಪಾತ್ರ ಬರುತ್ತದೆ. ಮೊದಲ ಚಾಯ್ಸ್ ಎಂದರೆ ಒಪ್ಪಿ ಸೇರುವುದು. ಎರಡನೆಯದು ಸೀಟನ್ನು ಉಳಿಸಿಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು. ಮೂರನೆಯದು ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು ಪೂರ್ತಿ ಹೊರಬರುವುದು. ಮೇಲಿನ ಕಾಲೇಜು ಹಿಂದಿನ ವರ್ಷಗಳ ಮುಂದಿನ ಸುತ್ತುಗಳಲ್ಲಿ ಎಷ್ಟು ರ‍್ಯಾಂಕ್ ಇಳಿದಿತ್ತು ಎಂಬ ಲೆಕ್ಕ ಕೈಯಲ್ಲಿಲ್ಲದೆ ಮೂರನೆಯ ಚಾಯ್ಸ್ ಒತ್ತುವುದು ಕೈಲಿದ್ದ ಸೀಟನ್ನು ಕಳೆದುಕೊಳ್ಳುವ ದಾರಿ.

ಕೊನೆಯಲ್ಲಿ, ಈ ಅಂದಾಜಿನ ಮಿತಿಯನ್ನೂ ಹೇಳಬೇಕಾಗಿದೆ. ಇಲ್ಲಿಯವರೆಗಿನ ಲೆಕ್ಕವೆಲ್ಲ ಪಿಯು ಪಾಸಾದ ಮಗುವಿನದು. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಕಡಿಮೆ ಸಾಕ್ಷರತೆಯ ಜಿಲ್ಲೆ ಯಾದಗಿರಿ; 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 50.59ರ ಫಲಿತಾಂಶದೊಂದಿಗೆ, 2025ರ ಪಿಯು ಮೊದಲ ಪರೀಕ್ಷೆಯಲ್ಲಿ ಶೇ 48.45ರೊಂದಿಗೆ ಕೊನೆಯ ಸ್ಥಾನದಲ್ಲಿದ್ದದ್ದೂ ಇದೇ ಜಿಲ್ಲೆ. ಪರೀಕ್ಷೆ ಬರೆದ ಇಬ್ಬರಲ್ಲಿ ಒಬ್ಬರಿಗೆ ಶೇ 70 ಮತ್ತು ಶೇ 8ರ ಪಾಲುಗಳು ಆ ಹಂತದಲ್ಲಿ ಅರ್ಥವನ್ನೇ ಕಳೆದುಕೊಂಡವು ಎಂಬುದು ಇದರ ತಾತ್ಪರ್ಯ. ಇಲ್ಲಿನ ಮಕ್ಕಳು ಪಾಸಾಗದಿದ್ದರೂ ಮೀಸಲು ಸೀಟಿಗೆ ಪೈಪೋಟಿ ಮಾಡುವವರು ಬೀದರ್, ಕಲಬುರಗಿ, ಬಳ್ಳಾರಿಗಳಿಂದ ಬಂದೇ ಬರುತ್ತಾರೆ. ಪಿಯು ಪರೀಕ್ಷೆಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶಗಳಿದ್ದು, ಮೊದಲನೆಯದರಲ್ಲಿ ಬಿದ್ದ ಮಗು ಅದೇ ವರ್ಷ ಮತ್ತೆ ಬರೆದು ಪ್ರವೇಶದ ಸಾಲಿಗೆ ಮರಳಬಹುದಾದ್ದರಿಂದ, ಅಂಥ ಮಕ್ಕಳನ್ನು ಮನೆಗೆ ಕಳಿಸದೆ ಬೇಸಿಗೆಯಲ್ಲಿ ಓದಿಸುವುದು ಅಂದಾಜಿನಷ್ಟೇ ತುರ್ತಿನ ಕೆಲಸ.

ಪ್ರವೇಶದ ಅಂದಾಜು ಮಾಡಲು ದೊಡ್ಡ ಹಣವೇನೂ ಬೇಕಿಲ್ಲ. ಕೆಇಎ ಪ್ರಕಟಿಸಿದ ಕಳೆದ ಮೂರು ವರ್ಷಗಳ ಪ್ರಾದೇಶಿಕ ಕಟ್ ಆಫ್ ಪಟ್ಟಿ, ಒಂದು ಗಣಕಯಂತ್ರ, ನಿಯಮಗಳನ್ನು ಓದಿಕೊಂಡ ಒಬ್ಬ ಉಪನ್ಯಾಸಕ ಇಷ್ಟು ಸಾಕು. ಯಾದಗಿರಿ, ಶಹಾಪುರ, ಸುರಪುರಗಳ ಪ್ರತಿ ಪದವಿಪೂರ್ವ ಕಾಲೇಜಿನ ಪ್ರಾಚಾರ್ಯರು ಬರುವ ಶೈಕ್ಷಣಿಕ ವರ್ಷದಿಂದಲೇ ಇಂಥ ಒಂದು ಪ್ರವೇಶ ಸಹಾಯ ಕೇಂದ್ರವನ್ನು ತೆರೆದು, ಪ್ರಥಮ ಪಿಯುವಿನ ದೀಪಾವಳಿ ರಜೆಯೊಳಗೆ ಎಲ್ಲ ವಿದ್ಯಾರ್ಥಿಗಳ 371(ಜೆ), ಜಾತಿ, ಆದಾಯ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ಮಾಡಿಸಿಕೊಡಬೇಕೆಂದು ಈ ದತ್ತಿ ಉಪನ್ಯಾಸದ ವೇದಿಕೆಯಿಂದ ಕಳಕಳಿಯಿಂದ ಕೋರಲಾಗಿದೆ.